ಮೀನಾಳ ಮಾವಿನ ಹೋಳು

ಹಣ್ಣು ಒಂದು, ಮಕ್ಕಳಿಬ್ಬರು. ದೊಡ್ಡ ಹೋಳು ತಮ್ಮ ರಾಜುವಿಗೆ, ಚಿಕ್ಕದು ಮೀನಾಳಿಗೆ. ಊಟಕ್ಕೆ ಕೂತರೆ ಮೊಟ್ಟೆಯೂ ಅವನ ತಟ್ಟೆಗೇ. ತಾನೂ ಅವನಷ್ಟೇ ದುಡಿಯುತ್ತೇನಲ್ಲ ಎಂಬುದು ಮೀನಾಳ ತಕರಾರು. ಸರಿ, ಒಂದು ದಿನ ಕೆಲಸ ಅದಲುಬದಲಾಗಲಿ ಎಂದು ಇಬ್ಬರೂ ಒಪ್ಪುತ್ತಾರೆ. ಅಕ್ಕನ ಮನೆಗೆಲಸ ಹೆಗಲಿಗೆ ಬಿದ್ದ ರಾಜು ಸಂಜೆಯೊಳಗೆ ಸುಸ್ತೋ ಸುಸ್ತು.

ಯೂನಿಸೆಫ್ 1990ರ ದಶಕದಲ್ಲಿ ದಕ್ಷಿಣ ಏಷ್ಯಾದ ಟಿವಿಗೆ ಕೊಟ್ಟ ಕಾರ್ಟೂನು ಹುಡುಗಿ ಈ ಮೀನಾ. ಸಾರ್ಕ್ ದೇಶಗಳು 1991ರಿಂದ 2000ದವರೆಗೆ ಹೆಣ್ಣುಮಗುವಿನ ದಶಕ ಎಂದು ಸಾರಿದ್ದ ಕಾಲವದು. ಚಿತ್ರ ಕಟ್ಟಿದವರು ನಮ್ಮ ರಾಮ್ ಮೋಹನ್; 2014ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳದ ಜನರಿಗೆ ಕರಡು ಚಿತ್ರಗಳನ್ನು ತೋರಿಸಿ, ಎಲ್ಲರೂ ನಮ್ಮವಳೇ ಅನ್ನುವಂಥ ಮುಖ, ಹೆಸರು, ಉಡುಪು ಆರಿಸಿದರು. ಹಾಗಾಗಿಯೇ ಅವಳು ಭಟ್ಕಳದ ನವಾಯತರ ಮನೆಗೂ ಸಲ್ಲುತ್ತಾಳೆ, ಹೊನ್ನಾವರದ ಕೊಂಕಣಿ ಮನೆಗೂ, ಕುಮಟೆಯ ಹಾಲಕ್ಕಿ ಕೊಪ್ಪಕ್ಕೂ.

ಕೈ ತೊಳೆ, ಸೊಪ್ಪು ತಿನ್ನು ಎನ್ನುವ ಟಿವಿ ಗೊಂಬೆಗಳಿಗೇನು ಕಡಿಮೆ? ಮೀನಾ ಅಲ್ಲಿಗೆ ನಿಲ್ಲುವುದಿಲ್ಲ, ಬಡಿಸುವ ಸೌಟನ್ನೇ ಪ್ರಶ್ನಿಸುತ್ತಾಳೆ. ಬಂಗಡೆಯ ನಡು ತುಂಡು ಯಾರ ತಟ್ಟೆಗೆ, ಈಶಾಡು ಹಣ್ಣಿನ ಕೆನ್ನೆ ಯಾರಿಗೆ, ಗೊರಟು ಯಾರಿಗೆ ಎಂದು ನಮ್ಮ ಕರಾವಳಿಯ ಅಡುಗೆಮನೆಗಳಲ್ಲೂ ಕೇಳಬೇಕಾದ ಮಾತಿದು. ಹೆಣ್ಣುಮಕ್ಕಳ ರಕ್ತಹೀನತೆಗೆ ಕಬ್ಬಿಣದ ಮಾತ್ರೆ ಬೇಕು, ನಿಜ. ಆದರೆ ತಟ್ಟೆಯಲ್ಲೇ ಪಾಲು ಕಡಿಮೆಯಾದರೆ ಮಾತ್ರೆಯೊಂದೇ ಎಷ್ಟು ಮಾಡೀತು?

ಇನ್ನೊಂದು ಕಂತಿನಲ್ಲಿ ಮೀನಾ ಕನಸಿನ ಜೀನಿಯ ಬಳಿ ಮೂರು ವರ ಬೇಡುತ್ತಾಳೆ. ಎಲ್ಲರೂ ಶೌಚಾಲಯ ಬಳಸಲಿ, ಶುದ್ಧ ನೀರು ಕುಡಿಯಲಿ, ಸಾಬೂನಿನಿಂದ ಕೈ ತೊಳೆಯಲಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಭಟ್ಕಳ, ಹೊನ್ನಾವರ, ಕುಮಟೆ ತಾಲ್ಲೂಕುಗಳಿಗೆ ನೀರಿನ ವರವೇಕೆ ಎನ್ನಬೇಡಿ. ಏಪ್ರಿಲ್, ಮೇ ಬಂತೆಂದರೆ ಶರಾವತಿ, ಅಘನಾಶಿನಿ ಅಳಿವೆಗಳ ಬದಿಯ ಬಾವಿಗಳಿಗೆ ಉಪ್ಪುನೀರು ನುಗ್ಗುತ್ತದೆ. ಸವಳು ನೀರಿನಲ್ಲಿ ಸಾಬೂನು ಎಷ್ಟು ತಿಕ್ಕಿದರೂ ನೊರೆಯೇಳುವುದಿಲ್ಲ, ಕೈಯೆಲ್ಲ ಅಂಟಂಟು. ಸಿಹಿನೀರು ಬೇಕೆಂದರೆ ಕೊಡಪಾನ ಹಿಡಿದು ದೂರದ ಬಾವಿಗೆ ನಡೆಯಬೇಕು. ನಡೆಯುವವರು ಹೆಚ್ಚಾಗಿ ಹೆಂಗಸರು, ಹೆಣ್ಣುಮಕ್ಕಳು. ಅಷ್ಟು ದೂರದಿಂದ ಹೊತ್ತು ತಂದ ನೀರನ್ನು ಕೈ ತೊಳೆಯಲು ಸುರಿಯುವ ಮುನ್ನ ಯಾವ ತಾಯಿಯಾದರೂ ಎರಡು ಸಲ ಯೋಚಿಸುತ್ತಾಳೆ. ಮಕ್ಕಳಿಗೆ ಅಭ್ಯಾಸವಿಲ್ಲ ಎಂದು ಬೈಯುವ ಮೊದಲು ಪಂಚಾಯ್ತಿಯ ನಲ್ಲಿಯಲ್ಲಿ ಏನು ಬರುತ್ತಿದೆ ಎಂದು ನೋಡುವುದು ಒಳ್ಳೆಯದು.

ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಈ ಹುಡುಗಿಯ ಹೆಸರಿನಲ್ಲಿ ಮೀನಾ ತಂಡಗಳೂ ಹುಟ್ಟಿಕೊಂಡವು. ಶಾಲೆ ಬಿಟ್ಟ ಗೆಳತಿಯರನ್ನು ಮರಳಿ ಕರೆತರುವುದು, ಆರೋಗ್ಯ, ಸ್ವಚ್ಛತೆಯ ಮಾತಾಡುವುದು ಅವುಗಳ ಕೆಲಸ. ಮಾವಿನಹಣ್ಣಿನ ಆ ಕಂತನ್ನು ಮಕ್ಕಳಿಗಷ್ಟೇ ತೋರಿಸಿದರೆ ಸಾಲದು. ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಅಪ್ಪ, ಅಮ್ಮ, ಅಜ್ಜಿ ಎಲ್ಲರೂ ಬಂದಾಗ, ಚಹಾ ಕೊಡುವುದಕ್ಕೂ ಮೊದಲು, ಅವರೆದುರೇ ಹಾಕಿ.