ರುಚಿ ಧಾನ್ಯದ್ದೋ, ಪೀಪಾಯಿಯದೋ?

ಬಟ್ಟಿಯಿಂದ ಇಳಿದಾಗ ವಿಸ್ಕಿಗೆ ಬಣ್ಣವೇ ಇರುವುದಿಲ್ಲ, ನೋಡಲು ನೀರಿನಂತಿರುತ್ತದೆ. ಅದರ ಹೊಂಬಣ್ಣ ಮತ್ತು ಪರಿಮಳದ ಬಹುಪಾಲು ಬರುವುದು ಅದನ್ನು ವರ್ಷಗಟ್ಟಲೆ ತುಂಬಿಡುವ ಓಕ್ ಮರದ ಪೀಪಾಯಿಯಿಂದ. ಈ ಮಾತಿಗೆ ಒಳ್ಳೆಯ ಉದಾಹರಣೆ ಸ್ಕಾಟ್ಲೆಂಡಿನ ‘ಶೆರಿ ಕ್ಯಾಸ್ಕ್ ಫಿನಿಶ್’ ಗ್ರೇನ್ ವಿಸ್ಕಿ. ಹಣ್ಣಾಗುವ ಕಾಲದ ಕೊನೆಯ ಕೆಲವು ತಿಂಗಳು ಇಲ್ಲವೇ ವರ್ಷಗಳನ್ನು ಶೆರಿ ಪೀಪಾಯಿಯಲ್ಲಿ ಕಳೆದ ಗ್ರೇನ್ ವಿಸ್ಕಿ ಎಂದು ಇದರ ಅರ್ಥ.

ಸ್ಕಾಚ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಮೊಳಕೆ ಬರಿಸಿದ ಬಾರ್ಲಿಯೊಂದರಿಂದಲೇ ತಾಮ್ರದ ಹಂಡೆಗಳಲ್ಲಿ ಬಟ್ಟಿ ಇಳಿಸಿದ್ದು ಮಾಲ್ಟ್. ಬಾರ್ಲಿಯೊಂದಿಗೆ ಗೋಧಿ ಅಥವಾ ಮೆಕ್ಕೆಜೋಳ ಸೇರಿಸಿ, ಎತ್ತರದ ಸ್ತಂಭದಂಥ ಯಂತ್ರದಲ್ಲಿ ಎಡೆಬಿಡದೆ ಇಳಿಸಿದ್ದು ಗ್ರೇನ್. ಈ ಯಂತ್ರವನ್ನು ಸುಧಾರಿಸಿ 1830ರಲ್ಲಿ ಪೇಟೆಂಟ್ ಪಡೆದವನು ಐರ್ಲೆಂಡಿನ ಮಾಜಿ ಅಬಕಾರಿ ಅಧಿಕಾರಿ ಏನಿಯಸ್ ಕಾಫಿ. ಗ್ರೇನ್ ವಿಸ್ಕಿ ಹಗುರ, ಅಗ್ಗ. ಮಾಲ್ಟ್‌ನೊಡನೆ ಬೆರೆಸಲು ಅನುಕೂಲ. ಹಾಗಾಗಿಯೇ ಅದನ್ನು ವಿಸ್ಕಿ ಎನ್ನಬಹುದೇ ಎಂಬ ವಿವಾದ ಎದ್ದು, 1905ರಲ್ಲಿ ಲಂಡನ್ನಿನ ಇಸ್ಲಿಂಗ್ಟನ್‌ನಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. 1909ರಲ್ಲಿ ರಾಯಲ್ ಕಮಿಷನ್ ಎರಡೂ ವಿಸ್ಕಿಯೇ ಎಂದು ವರದಿ ನೀಡಿದ ಮೇಲೆ ವಿವಾದ ತಣ್ಣಗಾಯಿತು. ಹೆಸರಿನ ಪ್ರಶ್ನೆ ನಮಗೂ ಹೊಸದಲ್ಲ. ಕಾಕಂಬಿಯ ಮದ್ಯಸಾರ ಬೆರೆತ ಭಾರತೀಯ ವಿಸ್ಕಿಯನ್ನು ಆ ಹೆಸರಿನಲ್ಲಿ ಮಾರಲು ಯುರೋಪಿಯನ್ ಒಕ್ಕೂಟದ ಕಾನೂನು ಇಂದಿಗೂ ಒಪ್ಪುವುದಿಲ್ಲ.

ಇನ್ನು ಶೆರಿ. ಇದು ದಕ್ಷಿಣ ಸ್ಪೇನಿನ ಹೆರೆಸ್ ಪ್ರದೇಶದ ದ್ರಾಕ್ಷಾರಸ. ಬ್ರಿಟಿಷರಿಗೆ ಪ್ರಿಯವಾಗಿದ್ದ ಈ ಪಾನೀಯ ಪೀಪಾಯಿಗಳಲ್ಲಿ ಹಡಗೇರಿ ಬರುತ್ತಿತ್ತು. ಬರಿದಾದ ಪೀಪಾಯಿಗಳನ್ನು ಸ್ಕಾಟರು ಕೊಂಡು ವಿಸ್ಕಿ ತುಂಬಿದರು. ರುಚಿಯ ಶೋಧಕ್ಕಿಂತ ಮಿತವ್ಯಯವೇ ಇದಕ್ಕೆ ಕಾರಣವಾಗಿತ್ತು. 1980ರ ದಶಕದಲ್ಲಿ ಶೆರಿಯನ್ನು ಸ್ಪೇನಿನಲ್ಲೇ ಸೀಸೆಗೆ ತುಂಬುವ ನಿಯಮ ಬಂದು ಆ ದಾರಿ ಮುಚ್ಚಿತು. ಈಗ ವಿಸ್ಕಿಗೆಂದೇ ಹೊಸ ಪೀಪಾಯಿ ಮಾಡಿ, ಅದರಲ್ಲಿ ಸಾಮಾನ್ಯವಾಗಿ ಒಂದೆರಡು ವರ್ಷ ಶೆರಿ ತುಂಬಿಟ್ಟು ಹದಗೊಳಿಸುತ್ತಾರೆ. ಒಂದು ಕಾಲಕ್ಕೆ ಶೆರಿಗಾಗಿ ಪೀಪಾಯಿ. ಈಗ ಪೀಪಾಯಿಗಾಗಿ ಶೆರಿ!

ಕೊನೆಯಲ್ಲಿ ಪೀಪಾಯಿ ಬದಲಿಸುವ ಪದ್ಧತಿಯನ್ನು 1980ರ ದಶಕದಲ್ಲಿ ರೂಢಿಗೆ ತಂದವರಲ್ಲಿ ಬಾಲ್ವೆನಿ ಸಂಸ್ಥೆಯ ಡೇವಿಡ್ ಸ್ಟೀವರ್ಟ್ ಪ್ರಮುಖರು. ಗ್ರೇನ್ ವಿಸ್ಕಿ ಸಾಮಾನ್ಯವಾಗಿ ಮೊದಲು ಅಮೆರಿಕದ ಬರ್ಬನ್ ತುಂಬಿದ್ದ ಪೀಪಾಯಿಯಲ್ಲಿ ಹಣ್ಣಾಗುತ್ತದೆ. ವೆನಿಲ್ಲಾ, ಕೊಬ್ಬರಿಯ ನಸುಗಂಧ ಅಲ್ಲಿಯದು. ಆಮೇಲೆ ಶೆರಿ ಪೀಪಾಯಿ ಒಣದ್ರಾಕ್ಷಿ, ಅಂಜೂರ, ಕಿತ್ತಳೆ ಸಿಪ್ಪೆ, ಲವಂಗ, ಅಕ್ರೋಟುಗಳ ನೆನಪು ತರುವ ಗುಣಗಳನ್ನು ಸೇರಿಸುತ್ತದೆ.

ರುಚಿ ನೋಡುವವರು ಬಾಯಿ ಕಿರಿದಾದ ಗಾಜಿನ ಲೋಟ ಬಳಸುತ್ತಾರೆ. ಪರಿಮಳ ಚದುರದೆ ಮೂಗಿಗೆ ದಕ್ಕಲಿ ಎಂಬುದು ಉದ್ದೇಶ. ಮೊದಲು ಹಾಗೆಯೇ ಮೂಸಿ, ಒಂದು ಗುಟುಕು ನಾಲಿಗೆಯ ಮೇಲೆ ಹೊರಳಿಸುತ್ತಾರೆ. ಆಮೇಲೆ ಕೆಲವು ಹನಿ ನೀರು ಬೆರೆಸಿ ಮತ್ತೆ ನೋಡುತ್ತಾರೆ. ಮದ್ಯಸಾರದ ಉರಿ ತಗ್ಗಿದಾಗ ಅಡಗಿದ್ದ ವಾಸನೆಗಳು ಹೊರಬರುತ್ತವೆ. ಬಣ್ಣವನ್ನು ಮಾತ್ರ ನಂಬುವಂತಿಲ್ಲ. ಸ್ಕಾಚ್‌ಗೆ ಸುಟ್ಟ ಸಕ್ಕರೆಯ ಬಣ್ಣ ಸೇರಿಸಲು ಕಾನೂನಿನ ಅನುಮತಿಯಿದೆ.

‘ಹೂವಿನ ಸಂಗದಿಂದ ನಾರೂ ಸ್ವರ್ಗ ಸೇರಿತು’ ಎನ್ನುತ್ತೇವೆ. ಗ್ರೇನ್ ವಿಸ್ಕಿಯನ್ನು ಬರಿಯ ನಾರೆಂದು ತಿಳಿದು ಎಲ್ಲ ಕೀರ್ತಿಯನ್ನೂ ಶೆರಿಗೆ ಕೊಟ್ಟರೆ ತಪ್ಪಾದೀತು. ಹಣ್ಣಿನ ಸಿಹಿಯ ಹಿಂದೆ ಧಾನ್ಯದ ನಯವೂ ವೆನಿಲ್ಲಾದ ಕಂಪೂ ಉಳಿದಿದ್ದರೆ ಪೀಪಾಯಿ ಹಿತಮಿತವಾಗಿ ಕೆಲಸ ಮಾಡಿದೆ ಎಂದರ್ಥ. ಶೆರಿಯೊಂದೇ ಬಾಯಲ್ಲಿ ನಿಂತರೆ, ಒಳಗಿದ್ದ ವಿಸ್ಕಿ ಯಾವುದು ಎಂದು ಕೇಳುವ ಹಕ್ಕು ಬೆಲೆ ಕೊಟ್ಟವರಿಗಿದೆ.