ಐಸ್‌ಲ್ಯಾಂಡಿಗೆ ಯಾವ ಜಿಪಿಎಸ್ ಒಯ್ಯಬೇಕು?

2016ರ ಫೆಬ್ರುವರಿ. ಅಮೆರಿಕದ ಪ್ರವಾಸಿಯೊಬ್ಬರು ಐಸ್‌ಲ್ಯಾಂಡಿನ ಕೆಫ್ಲಾವಿಕ್ ವಿಮಾನ ನಿಲ್ದಾಣದಲ್ಲಿ ಇಳಿದು, ಬಾಡಿಗೆ ಕಾರು ತಗೊಂಡು, ಅದರ ಜಿಪಿಎಸ್‌ಗೆ ಹೋಟೆಲ್ ವಿಳಾಸ ಕೊಟ್ಟರು. ಹೋಟೆಲ್ ಇದ್ದದ್ದು ರಾಜಧಾನಿ ರೇಕ್ಯಾವಿಕ್‌ನಲ್ಲಿ, ಮುಕ್ಕಾಲು ಗಂಟೆಯ ದಾರಿ. ಅವರು ಮಾತ್ರ ಐದು ಗಂಟೆ ಹಿಮದ ರಸ್ತೆಯಲ್ಲಿ ಓಡಿಸಿ ದೇಶದ ಉತ್ತರ ತುದಿಯ ಸಿಗ್ಲುಫ್ಯೋರ್ದುರ್ ಅನ್ನೋ ಮೀನುಗಾರರ ಊರು ತಲುಪಿದ್ರು! ಬುಕಿಂಗ್ ಕಾಗದದಲ್ಲಿ ಬೀದಿಯ ಹೆಸರಿಗೆ ಒಂದು ‘ಆರ್’ ಅಕ್ಷರ ಜಾಸ್ತಿ ಬಿದ್ದಿತ್ತು. ಆ ಜಾಸ್ತಿ ಅಕ್ಷರದ ಹೆಸರಿನ ಬೀದಿಯೂ ನಿಜವಾಗಿ ಇದೆ, ಆದ್ರೆ ಸಿಗ್ಲುಫ್ಯೋರ್ದುರ್‌ನಲ್ಲಿ. ಜಿಪಿಎಸ್ ತನಗೆ ಹೇಳಿದ ಕೆಲಸವನ್ನ ಸರಿಯಾಗೇ ಮಾಡಿತ್ತು.

ಯುರೋಪಿಗೆ ಎಂ.ಎಸ್. ಅಂತ ಹೋದವರು ರಜೆ ಬಂದ್ರೆ ನಾಲ್ಕು ಜನ ಸೇರಿ ಐಸ್‌ಲ್ಯಾಂಡಿನ ರಿಂಗ್ ರೋಡ್ ಸುತ್ತೋ ಪ್ಲಾನ್ ಹಾಕ್ತಾರೆ. ಸುಮಾರು 1,300 ಕಿ.ಮೀ. ರಸ್ತೆ. ಆಗ ಬರೋ ಪ್ರಶ್ನೆ: ಪ್ರತ್ಯೇಕ ಜಿಪಿಎಸ್ ಸಾಧನ ಕೊಳ್ಳಬೇಕಾ, ಕಾರಿನ ಜೊತೆ ಬಾಡಿಗೆಗೆ ತಗೋಬೇಕಾ, ಇಲ್ಲಾ ಫೋನೇ ಸಾಕಾ?

ಮೊದಲು ಒಂದು ಗೊಂದಲ ಬಿಡಿಸೋಣ. ಜಿಪಿಎಸ್‌ಗೆ ಇಂಟರ್ನೆಟ್ ಬೇಕಿಲ್ಲ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತೋ ಉಪಗ್ರಹಗಳು ಸಮಯ ಮತ್ತು ತಮ್ಮ ಸ್ಥಾನವನ್ನ ಬಿತ್ತರಿಸ್ತಾ ಇರ್ತವೆ. ನಮ್ಮ ರಿಸೀವರ್ ಬರೀ ಕೇಳಿಸಿಕೊಳ್ಳುತ್ತೆ. ನಾಲ್ಕು ಉಪಗ್ರಹ ಸಿಕ್ಕಿದ್ರೆ ಮೂರು ಆಯಾಮದ ಸ್ಥಾನ ಮತ್ತು ಗಡಿಯಾರದ ದೋಷ, ಒಟ್ಟು ನಾಲ್ಕು ಅಜ್ಞಾತಗಳು ಬಿಡಿಸಲ್ಪಡುತ್ತವೆ. ಇಂಟರ್ನೆಟ್ ಬೇಕಾಗೋದು ನಕ್ಷೆ ಇಳಿಸಿಕೊಳ್ಳೋಕೆ, ಟ್ರಾಫಿಕ್ ತಿಳಿಯೋಕೆ, ಮತ್ತೆ ಮೊದಲ ಸಲ ಸ್ಥಾನ ಬೇಗ ಸಿಗೋಕೆ. ಉಪಗ್ರಹದ ಸಂದೇಶ ಬರೋದು ಸೆಕೆಂಡಿಗೆ 50 ಬಿಟ್ ವೇಗದಲ್ಲಿ! ಒಂದು ಉಪಗ್ರಹದ ನಿಖರ ಕಕ್ಷೆಯ ಮಾಹಿತಿ ಪೂರ್ತಿ ಬರೋಕೆ ಅರ್ಧ ನಿಮಿಷ ಬೇಕು, ಎಲ್ಲಾ ಉಪಗ್ರಹಗಳ ಒಟ್ಟು ಪಟ್ಟಿಗೆ 12.5 ನಿಮಿಷ. ನೆಟ್ ಇದ್ರೆ ಫೋನ್ ಇದನ್ನೇ ಕ್ಷಣದಲ್ಲಿ ತರಿಸಿಕೊಳ್ಳುತ್ತೆ. ಸಿಮ್ ಇಲ್ಲದ ಫೋನಲ್ಲಿ ‘ಲೊಕೇಶನ್ ಸಿಗ್ತಿಲ್ಲ’ ಅಂತ ಗಾಬರಿಯಾಗ್ಬೇಡಿ, ಬಯಲಲ್ಲಿ ನಿಂತು ಎರಡು-ಮೂರು ನಿಮಿಷ ಕೊಡಿ.

ಹಾಗಾಗಿ ರಿಸೀವರ್ ಎಷ್ಟು ಚೆನ್ನಾಗಿದೆ ಅನ್ನೋದಕ್ಕೆ ಹೆಚ್ಚು ದುಡ್ಡು ಕೊಡೋ ಅಗತ್ಯ ಇಲ್ಲ. ಒಂದು ಅಂಶ ಮಾತ್ರ ನೋಡಿ. ಜಿಪಿಎಸ್ ಕಕ್ಷೆಗಳ ಓರೆ 55 ಡಿಗ್ರಿ. ಐಸ್‌ಲ್ಯಾಂಡ್ ಇರೋದು 65 ಡಿಗ್ರಿ ಅಕ್ಷಾಂಶದ ಆಸುಪಾಸು. ಅಂದ್ರೆ ಅಲ್ಲಿ ಜಿಪಿಎಸ್ ಉಪಗ್ರಹ ಒಂದೂ ನೆತ್ತಿಯ ಮೇಲೆ ಬರೋದಿಲ್ಲ. ರಷ್ಯಾದ ಗ್ಲೋನಾಸ್‌ನ ಓರೆ ಸುಮಾರು 65 ಡಿಗ್ರಿ. ಬೆಟ್ಟಗಳ ನಡುವಿನ ಕಿರಿದಾದ ಕಣಿವೆಯಲ್ಲಿ ಇದು ಉಪಯೋಗಕ್ಕೆ ಬರುತ್ತೆ. ಈಗಿನ ಫೋನುಗಳಲ್ಲಿ ಜಿಪಿಎಸ್, ಗ್ಲೋನಾಸ್, ಗೆಲಿಲಿಯೋ ಮೂರೂ ಸಾಮಾನ್ಯವಾಗಿ ಇರ್ತವೆ. ನಮ್ಮ ನಾವಿಕ್ ಇದೆ ಅಂತ ಹೆಮ್ಮೆಪಡಿ, ಆದ್ರೆ ಅದರ ಸೇವೆ ಭಾರತ ಮತ್ತು ಸುತ್ತಲಿನ 1,500 ಕಿ.ಮೀ. ವ್ಯಾಪ್ತಿಗೆ.

ನೀವು ನಿಜವಾಗಿ ಆರಿಸ್ತಿರೋದು ಒಳಗಿನ ನಕ್ಷೆಯನ್ನ. ಭಾರತದಲ್ಲಿ ಕೊಂಡ ಸಾಧನದಲ್ಲಿ ಯುರೋಪಿನ ನಕ್ಷೆ ಇರುತ್ತೆ ಅಂದ್ಕೋಬೇಡಿ. ಅದನ್ನ ಬೇರೆಯಾಗಿ ಕೊಳ್ಳಬೇಕಾಗಬಹುದು. ಬಾಡಿಗೆ ಸಾಧನದಲ್ಲಿ ನಕ್ಷೆ ಇರುತ್ತೆ, ಆದ್ರೆ ಎಷ್ಟು ಹಳೇದು ಅಂತ ಕೇಳಿ ತಿಳ್ಕೊಳ್ಳಿ. ಫೋನಿನಲ್ಲಾದ್ರೆ ಆರ್ಗ್ಯಾನಿಕ್ ಮ್ಯಾಪ್ಸ್, ಓಎಸ್‌ಎಮ್‌ಆಂಡ್ ಥರದ ಆಪ್‌ಗಳು ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯನ್ನ ಪೂರ್ತಿ ಇಳಿಸಿಕೊಂಡು ಆಫ್‌ಲೈನ್‌ನಲ್ಲೇ ದಾರಿ ಹುಡುಕ್ತವೆ. ಗೂಗಲ್ ಮ್ಯಾಪ್ಸ್‌ನಲ್ಲೂ ಬೇಕಾದ ಪ್ರದೇಶ ಇಳಿಸಿಕೊಳ್ಳಬಹುದು. ನನ್ನ ಕೇಳಿದ್ರೆ ಫೋನ್, ಎರಡು ಬೇರೆ ಆಪ್, ಗಟ್ಟಿ ಹೋಲ್ಡರ್, ಕಾರ್ ಚಾರ್ಜರ್. ಅಷ್ಟು ಸಾಕು. ಜರ್ಮನಿಯಂಥ ಯುರೋಪಿಯನ್ ಒಕ್ಕೂಟದ ದೇಶದ ಸಿಮ್ ಇದ್ರೆ ಐಸ್‌ಲ್ಯಾಂಡಲ್ಲೂ ಹೆಚ್ಚುವರಿ ರೋಮಿಂಗ್ ಶುಲ್ಕವಿಲ್ಲದೆ ನಡೆಯುತ್ತೆ. ಫೋನನ್ನ ಕೈಯಲ್ಲಿ ಹಿಡಿದು ಓಡಿಸೋದು ಅಲ್ಲೂ ಅಪರಾಧ, ಹಾಗಾಗಿ ಹೋಲ್ಡರ್‌ಗೆ ಜಿಪುಣತನ ಬೇಡ. ಎಲ್ಲರದ್ದೂ ಹಳೇ ಫೋನು, ಬ್ಯಾಟರಿ ನಿಲ್ಲಲ್ಲ ಅಂದ್ರೆ ಮಾತ್ರ ಬಾಡಿಗೆ ಸಾಧನ ಯೋಚಿಸಿ.

ದಾರಿ ಆರಿಸೋ ಸೆಟ್ಟಿಂಗ್ ಮಾತ್ರ ಹೊರಡೋ ಮೊದಲೇ ನೋಡಿ. ಐಸ್‌ಲ್ಯಾಂಡಲ್ಲಿ ‘ಎಫ್’ ಅಕ್ಷರದಿಂದ ಶುರುವಾಗೋ ರಸ್ತೆಗಳಿವೆ. ಒಳನಾಡಿನ ಬೆಟ್ಟದ ಮಣ್ಣುರಸ್ತೆಗಳು. ಬೇಸಿಗೆಯಲ್ಲಷ್ಟೇ ತೆರೆದಿರ್ತವೆ, ಫೋರ್ ವೀಲ್ ಡ್ರೈವ್ ಕಡ್ಡಾಯ, ಎಷ್ಟೋ ಕಡೆ ಸೇತುವೆ ಇಲ್ಲದ ಹೊಳೆ ದಾಟಬೇಕು. ‘ಹತ್ತಿರದ ದಾರಿ’ ಅಂತ ಒತ್ತಿದ್ರೆ ನಿಮ್ಮ ಸಣ್ಣ ಕಾರನ್ನ ಆಪ್ ಅಲ್ಲಿಗೇ ಕಳಿಸಬಹುದು. ಹೊಳೆಯಲ್ಲಿ ಕೆಟ್ಟ ಕಾರಿನ ಖರ್ಚು ಸಾಮಾನ್ಯವಾಗಿ ವಿಮೆಯಲ್ಲಿ ಸಿಗಲ್ಲ, ಬಿಲ್ ನಿಮ್ಮ ತಲೆಗೇ. ಮಣ್ಣುರಸ್ತೆ ಬೇಡ ಅನ್ನೋ ಆಯ್ಕೆ ಹಾಕಿಡಿ. ಹಿಮದಿಂದ ಮುಚ್ಚಿದ ರಸ್ತೆ ಯಾವುದು ಅಂತ ಆಫ್‌ಲೈನ್ ನಕ್ಷೆಗೆ ಗೊತ್ತಾಗಲ್ಲ. ಅದಕ್ಕೆ ದಿನಾ ಬೆಳಿಗ್ಗೆ ಅಲ್ಲಿನ ರಸ್ತೆ ಆಡಳಿತದ ಸೈಟ್ ನೋಡಲೇಬೇಕು. ಡಿಸೆಂಬರಲ್ಲಿ ರೇಕ್ಯಾವಿಕ್‌ಗೆ ಹಗಲು ನಾಲ್ಕೇ ಗಂಟೆ. ಕತ್ತಲಲ್ಲಿ, ಚಳಿಯಲ್ಲಿ, ಸಿಗ್ನಲ್ ಇಲ್ಲದ ಕಡೆ ಸಿಕ್ಕಿಹಾಕಿಕೊಂಡ್ರೆ ಜೀವಕ್ಕೇ ಅಪಾಯ. ತುರ್ತು ಸಂಖ್ಯೆ 112.

ವಿಳಾಸದ ಬದಲು ಅಕ್ಷಾಂಶ-ರೇಖಾಂಶ ಹಾಕೋದು ಒಳ್ಳೇದು. ಐಸ್‌ಲ್ಯಾಂಡಿಕ್ ಭಾಷೆಯ ವಿಶೇಷ ಅಕ್ಷರಗಳು ನಮ್ಮ ಕೀಬೋರ್ಡಲ್ಲಿ ಬೇಗ ಸಿಗಲ್ಲ. ಆದ್ರೆ ಇಲ್ಲೂ ಒಂದು ಗುಂಡಿ ಇದೆ. 64 ಡಿಗ್ರಿ 30 ಮಿನಿಟ್ ಅಂದ್ರೆ 64.5 ಡಿಗ್ರಿ. ಅದನ್ನ 64.30 ಅಂತ ಒತ್ತಿದ್ರೆ 0.2 ಡಿಗ್ರಿ ತಪ್ಪು. ಒಂದು ಡಿಗ್ರಿ ಅಕ್ಷಾಂಶಕ್ಕೆ 111 ಕಿ.ಮೀ. ಲೆಕ್ಕ ಹಾಕಿ, 22 ಕಿ.ಮೀ. ಆಚೆ ನಿಂತಿರ್ತೀರಿ.

ಕೊನೆಗೆ ಕಾರು ಸ್ಟಾರ್ಟ್ ಮಾಡೋ ಮುಂಚೆ ಪರದೆಯಲ್ಲಿ ಒಟ್ಟು ದೂರ ಎಷ್ಟಿದೆ ಅಂತ ಓದಿ. ಕೆಫ್ಲಾವಿಕ್‌ನಿಂದ ರೇಕ್ಯಾವಿಕ್‌ಗೆ ಸುಮಾರು 50 ಕಿ.ಮೀ. ಅಲ್ಲಿ 400 ಹತ್ತಿರದ ಸಂಖ್ಯೆ ಕಂಡ್ರೆ ವಿಳಾಸವನ್ನ ಅಕ್ಷರ ಅಕ್ಷರವಾಗಿ ಇನ್ನೊಂದ್ಸಲ ನೋಡಿ.