ಒಂದೇ ಪಯಣ, ಎರಡು ಸೂರ್ಯೋದಯ

ವಿಮಾನವೇರಿದವನು ಇಳಿಯುವ ಮೊದಲೇ ಸೂರ್ಯೋದಯವನ್ನು ಎರಡು ಬಾರಿ ಕಾಣುವುದುಂಟೆ? ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದು ಕವಿಯ ಕಲ್ಪನೆಯಾಗಿರಲಿಲ್ಲ. ಆಸ್ಟ್ರೇಲಿಯದ ಪರ್ತ್ ನಗರದಿಂದ ಸಿಂಹಳದ್ವೀಪದ ಕೊಗ್ಗಲ ಸರೋವರಕ್ಕೆ ಹಾರಿದವರು ಆ ಸೋಜಿಗವನ್ನು ಕಣ್ಣಾರೆ ಕಂಡಿದ್ದರು.

ಆಸ್ಟ್ರೇಲಿಯದಿಂದ ಲಂಡನ್ನಿಗೆ ಪ್ರಯಾಣಿಕರ ವಿಮಾನಸಂಚಾರ ಆರಂಭವಾದದ್ದು 1935ರಲ್ಲಿ. ಊರೂರಿಗೆ ಇಳಿದೇರುತ್ತ ಸಾಗುತ್ತಿದ್ದ ಆ ಪ್ರಯಾಣಕ್ಕೆ ಸುಮಾರು 12 ದಿನ ಹಿಡಿಯುತ್ತಿತ್ತು. ಆ ಮಾರ್ಗಕ್ಕೆ ಸಿಂಗಪುರವೇ ಮುಖ್ಯ ಕೊಂಡಿ. 1942ರ ಫೆಬ್ರವರಿ 15ರಂದು ಸಿಂಗಪುರವು ಜಪಾನೀಯರ ವಶವಾಯಿತು; ಕೊಂಡಿ ಕಳಚಿತು. ಇನ್ನು ಉಳಿದದ್ದು ಒಂದೇ ದಾರಿ: ನಡುವೆ ಎಲ್ಲಿಯೂ ಇಳಿಯದೆ ಹಿಂದೂ ಮಹಾಸಾಗರವನ್ನು ದಾಟುವುದು. ದೂರ 5,600 ಕಿಲೋಮೀಟರಿಗೂ ಹೆಚ್ಚು.

1943ರಲ್ಲಿ ಕ್ವಾಂಟಾಸ್ ಸಂಸ್ಥೆಯು ಈ ಸಾಹಸಕ್ಕೆ ಕೈಹಾಕಿತು. ಅದಕ್ಕೆ ದೊರೆತದ್ದು ನೀರಿನಿಂದಲೇ ಮೇಲೇಳುವ ಐದು ಕ್ಯಾಟಲೀನಾ ವಿಮಾನಗಳು. ಅವುಗಳ ವೇಗ ಗಂಟೆಗೆ ಸುಮಾರು 200 ಕಿಲೋಮೀಟರು ಮಾತ್ರ. ಅಷ್ಟು ದೂರಕ್ಕೆ ಬೇಕಾದ ಇಂಧನವನ್ನೆಲ್ಲ ಒಡಲಲ್ಲಿ ತುಂಬಿಕೊಂಡ ಮೇಲೆ ಉಳಿದ ಜಾಗವೆಷ್ಟು? ಮೂವರು ಪ್ರಯಾಣಿಕರು, ಸುಮಾರು 69 ಕಿಲೋಗ್ರಾಂ ಅಂಚೆ, ಅಷ್ಟೇ! ಸರ್ಕಾರದ ಹಾಗೂ ಸೈನ್ಯದ ಮಹತ್ತ್ವದ ಪತ್ರಗಳು ಆ ಚೀಲಗಳಲ್ಲಿದ್ದವು.

ಹೊರಟ ಮೊದಲ ಕೆಲವು ಗಂಟೆಗಳೇ ಕಠಿಣವಾದವು. ವಿಮಾನವು ಎಷ್ಟು ಭಾರವಾಗಿರುತ್ತಿತ್ತೆಂದರೆ, ಎರಡು ಎಂಜಿನುಗಳಲ್ಲಿ ಒಂದು ಕೆಟ್ಟರೂ ಇನ್ನೊಂದು ಅದನ್ನು ಹೊತ್ತು ಹಾರುವಂತಿರಲಿಲ್ಲ. ಶತ್ರುವಿಗೆ ಸುಳಿವು ಸಿಕ್ಕೀತೆಂಬ ಭಯದಿಂದ ರೇಡಿಯೋ ಮೌನವಾಗಿರಬೇಕು. ರಾತ್ರಿಯಲ್ಲಿ ದಾರಿ ತೋರುವವು ನಕ್ಷತ್ರಗಳೇ. ಅಂತೆಯೇ ಆ ಐದು ವಿಮಾನಗಳಿಗೂ ನಕ್ಷತ್ರಗಳ ಹೆಸರನ್ನೇ ಇಟ್ಟಿದ್ದರು.

ಹೊರಡುವ ವೇಳೆಯೇನೋ ತಿಳಿದಿರುತ್ತಿತ್ತು. ತಲಪುವ ವೇಳೆಯನ್ನು ನಿರ್ಧರಿಸುತ್ತಿದ್ದುದು ಗಾಳಿ. ಗಾಳಿ ಅನುಕೂಲವಾಗಿದ್ದರೆ 28 ಗಂಟೆಗಳಲ್ಲಿ ನೆಲ ಕಾಣಬಹುದು; ಎದುರಾದರೆ ಗಂಟೆಗಳು ಬೆಳೆಯುತ್ತಿದ್ದವು, ಇಂಧನ ಕರಗುತ್ತಿತ್ತು. ಒಮ್ಮೆಯಂತೂ ಪಯಣವು 32 ಗಂಟೆ 9 ನಿಮಿಷಗಳವರೆಗೆ ಸಾಗಿತು. ಹೀಗೆ ಒಂದು ಹಗಲು, ಒಂದು ರಾತ್ರಿ ಕಳೆದು ಮರುದಿನದ ಸೂರ್ಯನೂ ಆಗಸದಲ್ಲಿಯೇ ಎದುರಾಗುತ್ತಿದ್ದನು. ಪ್ರಯಾಣಿಕರಿಗೆ ‘ದ್ವಿಸೂರ್ಯೋದಯದ ರಹಸ್ಯ ಸಂಘ’ದ ಸದಸ್ಯತ್ವವನ್ನು ಸಾರುವ ಪ್ರಮಾಣಪತ್ರವೊಂದನ್ನು ಕೊಡುವ ಪದ್ಧತಿಯಿತ್ತು.

1945ರ ಜುಲೈ ತಿಂಗಳಲ್ಲಿ ಈ ಸಂಚಾರವು ನಿಂತಿತು. ಅಷ್ಟರೊಳಗೆ ಆ ವಿಮಾನಗಳು 271 ಬಾರಿ ಸಾಗರವನ್ನು ದಾಟಿದ್ದವು. ಒಂದು ಜೀವವೂ ನಷ್ಟವಾಗಲಿಲ್ಲ. ಆದರೆ ವಿಮಾನಗಳಿಗೆ ಆ ಭಾಗ್ಯವಿರಲಿಲ್ಲ. ಅವು ಅಮೆರಿಕದಿಂದ ಎರವಲಾಗಿ ಬಂದವು. ಯುದ್ಧ ಮುಗಿದ ಮೇಲೆ ಒಪ್ಪಂದದ ಷರತ್ತಿನಂತೆ ಅವುಗಳನ್ನು ಕಡಲಿನಲ್ಲಿ ಮುಳುಗಿಸಲಾಯಿತು.

ಮುಂದೆ 2018ರ ಮಾರ್ಚ್ 24ರ ಸಂಜೆ ಅದೇ ಪರ್ತ್ ನಗರದಿಂದ, ಅದೇ ಸಂಸ್ಥೆಯ ಬೋಯಿಂಗ್ ವಿಮಾನವೊಂದು ಇನ್ನೂರಕ್ಕೂ ಹೆಚ್ಚು ಪ್ರಯಾಣಿಕರೊಡನೆ ಲಂಡನ್ನಿನತ್ತ ಹಾರಿತು. ದೂರ ಸುಮಾರು 14,500 ಕಿಲೋಮೀಟರು. ಹಿಡಿದ ಕಾಲ ಸುಮಾರು 17 ಗಂಟೆ. ಕ್ಯಾಟಲೀನಾ ಕ್ರಮಿಸುತ್ತಿದ್ದ ದೂರದ ಎರಡೂವರೆ ಪಟ್ಟನ್ನು ಅದು ಹೆಚ್ಚುಕಡಿಮೆ ಅರ್ಧ ಸಮಯದಲ್ಲಿ ದಾಟಿತು. ಪಡುವಣ ದಿಕ್ಕಿಗೆ ರಾತ್ರಿಯೊಡನೆಯೇ ಸಾಗಿದ ಆ ವಿಮಾನವು ಲಂಡನ್ನಿನಲ್ಲಿ ಇಳಿದಾಗ ಅಲ್ಲಿ ಮುಂಜಾವದ ಐದು ಗಂಟೆ. ಪ್ರಯಾಣಿಕರು ನೆಲದ ಮೇಲೆ ಕಾಲಿಟ್ಟರೂ ಸೂರ್ಯನಿನ್ನೂ ಮೂಡಿರಲಿಲ್ಲ.